ವಾಡೆ ಊರಿನ ಸೈಕಲ್ ದಾರಿ

ದೇವದುರ್ಗ
ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿ
9-11-1983, ಬುಧವಾರ ಮುಂಜಾನೆ

ನನ್ನವ್ವಾ ಗೋಪಮ್ಮ,

ಆರಾಮ ಇದ್ದೀಯಾ? ಬಾಣಂತಿ ಅಮರಮ್ಮ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ, ಇಲ್ಲಾ ಹುಡುಗಿಯಾಗಿದ್ದಾಗಿನಂತೆ ತಟ್ಟೆಯ ಮುಂದೆ ಕೂತು ಕತೆ ಹೇಳುತ್ತಿದ್ದಾಳೆಯೇ? ನಿಮ್ಮವ್ವ ಇದ್ದಿದ್ದರೆ ಬಾಣಂತನ ರಾಯಚೂರಿನಲ್ಲೇ ಆಗುತ್ತಿತ್ತು, ನೀನು ಗುಲಬರ್ಗಾಕ್ಕೆ ಹೋಗಿ ಅಕ್ಕನ ಕೂಸಿನ ಬಟ್ಟೆ ಒಗೆಯುವ ಪ್ರಸಂಗ ಬರುತ್ತಿರಲಿಲ್ಲ. ಮಾನಮ್ಮ ಹೋಗಿ ಎರಡು ವರ್ಷವಾದರೂ ಚಹಾಕ್ಕೆ ಎರಡು ಲೋಟ ನೀರು ಇಡುವುದು ನನಗೆ ಇನ್ನೂ ತಪ್ಪಿಲ್ಲ. ಎರಡನ್ನೂ ನಾನೇ ಕುಡಿಯುತ್ತೇನೆ, ಆದ್ದರಿಂದ ನನ್ನ ಆರೋಗ್ಯದ ಚಿಂತೆ ಬೇಡ. ಕೂಸಿಗೆ ಬಿ.ಸಿ.ಜಿ. ಹಾಕಿಸಿದಿರೋ ಇಲ್ಲವೋ? ಅಳಿಯಂದಿರು ನಾಳೆ ನಾಡಿದ್ದು ಎನ್ನುತ್ತಿದ್ದರೆ ಹೇಳು, ಇಪ್ಪತ್ತೆಂಟು ವರ್ಷ ಊರೂರು ತಿರುಗಿ ಮಕ್ಕಳ ತೋಳಿಗೆ ಸಿಡುಬಿನ ಲಸಿಕೆ ಚುಚ್ಚಿದ ಮಾವ ಸಿಟ್ಟಾಗಿದ್ದಾನೆ ಎಂದು.

ಇನ್ನು ನಿನ್ನ ವಿಷಯ. ನಿನಗೆ ಮಾಸ್ತರಿಕೆ ಸಿಕ್ಕ ಆರ್ಡರು ಮನೆಗೆ ಬಂದಾಗ ಸಂತೋಷಕ್ಕೆ ಪೇಟೆಯಲ್ಲೆಲ್ಲ ಜಿಲೇಬಿ ಹಂಚಿದವನು ನಾನು. ಊರಿನ ಹೆಸರು ಓದಿದ್ದು ಆಮೇಲೆ. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೆಸರು ಹೇಳದ, 'ವಾಡೆ ಊರು' ಎಂದಷ್ಟೇ ಅನ್ನುವ ಆ ಊರಿನ ಸಾಲಿ! ಅದನ್ನು ನಿನಗೆ ತಿಳಿಸಿದೆ. ನೀನು ಮರು ಟಪಾಲಿಗೇ ಬೇರೆ ಊರು ಕೊಡಿರೆಂದು ಅರ್ಜಿ ಬರೆದು, ಸಹಿ ಮಾಡಿ, ಆಫೀಸಿನಲ್ಲಿ ಕೊಟ್ಟುಬಿಡು ಎಂದು ಕಳಿಸಿದೆ. ಜೊತೆಗಿದ್ದ ಚೀಟಿಯಲ್ಲಿ ಬರೆದಿದ್ದೆಯಲ್ಲ, "ನಮ್ಮಪ್ಪನ್ನ ಸೈಕಲ್ ಮ್ಯಾಲಿಂದ ಇಳಿಸಿದ ಊರಿಗೆ ನಾನು ಅಕ್ಷರ ಕಲಿಸಂಗಿಲ್ಲ" ಅಂತ. ಓದಿ ನನಗೆ ಕಣ್ಣೀರು ಬರಲಿಲ್ಲ, ಖುಷಿಯಾಯಿತು. ಸಿಟ್ಟು ನಮ್ಮ ಮನೆತನದಲ್ಲಿ ಉಳಿದಿದೆ. ಆದರೆ ಅರ್ಜಿ ಜೇಬಿನಲ್ಲಿಟ್ಟುಕೊಂಡು ಆಫೀಸಿನ ಮೆಟ್ಟಿಲವರೆಗೆ ಹೋದವನು ಹಾಗೇ ತಿರುಗಿ ಗುಲಾಮ್ ದಸ್ತಗೀರ್‌ನ ಸೈಕಲ್ ಅಂಗಡಿಗೆ ಹೋದೆ. ಕೊಡುವುದಕ್ಕೆ ಮೊದಲು ಆ ಊರನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕೆನಿಸಿತು.

ದಸ್ತಗೀರ್ ಚಕ್ರ ಬಿಗಿಯುತ್ತ ನಕ್ಕ. "ಅರೆ ಅಯ್ಯಪ್ಪ ಭಾಯಿ, ಐವತ್ತೇಳು ಆತು ನಿನಗ. ಬಸ್ಸಿಗೆ ಹೋಗೋ ಮಾರಾಯ, ಸೀಟಿಗೆ ಸ್ಪ್ರಿಂಗ್ ಇಲ್ಲ, ನಿನಗೂ ಇಲ್ಲ" ಎಂದ. ನಾನು ಹೇಳಿದೆ, ಇದು ಅಫಿಷಿಯಲ್ ಟೂರ್, ಬಸ್ಸು ಇದರಲ್ಲಿ ಬರುವುದಿಲ್ಲ. ನಿನಗೆ ನೆನಪಿರಬಹುದು, ನೌಕರಿಯಲ್ಲಿದ್ದಾಗ ಪ್ರತಿ ತಿಂಗಳು ಟೂರ್ ಪ್ರೋಗ್ರಾಂ ಬರೆದು ಮೇಲಧಿಕಾರಿಗೆ ಕೊಡಬೇಕಿತ್ತು: ಎಲ್ಲಿಂದ ಎಲ್ಲಿಗೆ, ಯಾವ ಊರ ಮೇಲಿಂದ. ರಾತ್ರಿ ಅದೇ ಪದ್ಧತಿಯಲ್ಲಿ ಒಂದು ಹಾಳೆಯ ಮೇಲೆ ಬರೆದೆ. ರಾಯಚೂರಿನಿಂದ ಕುರ್ಡಿ, ಮಾನ್ವಿಯಲ್ಲಿ ನೈಟ್ ಹಾಲ್ಟ್. ಮರುದಿನ ಮಾನ್ವಿಯಿಂದ ದೇವದುರ್ಗ, ವಯಾ ವಾಡೆ ಊರು. ಮೂರನೇ ದಿನ ಕೃಷ್ಣೆಯ ದಂಡೆಯ ಗೂಗಲ್. ಕೆಳಗೆ ನಾನೇ 'ಅಪ್ರೂವ್ಡ್' ಎಂದು ಸಹಿ ಮಾಡಿದೆ. ಮೇಲಧಿಕಾರಿ ಇಲ್ಲದ ಟೂರಿನ ರುಚಿಯೇ ಬೇರೆ ನೋಡು.

ಸೋಮವಾರ ಕೋಟೆಯ ನೆರಳು ದಾಟಿ ಹೊರಟೆ. ಬಿಳಿಜೋಳ ಮೊಣಕಾಲುದ್ದ ಬಂದಿದೆ, ತೊಗರಿ ಹೂ ಬಿಟ್ಟಿದೆ, ಹತ್ತಿ ಒಡೆಯುತ್ತಿದೆ. ನಿಜಾಮನ ಕಾಲದ ಎರಡು ಮೈಲಿಗಲ್ಲು ಇನ್ನೂ ನಿಂತಿವೆ, ಒಂದರ ಮೇಲಿನ ಉರ್ದು ಅಂಕಿ ನಾನು ಓದಿದೆ, ಪಕ್ಕದಲ್ಲಿ ಎಮ್ಮೆ ಕಾಯುತ್ತಿದ್ದ ಮುದುಕ "ಹೌದೇನ್ರಿ, ಅದು ಏಳೇನು? ನಾನು ಇಷ್ಟು ವರ್ಷ ದೇವರು ಅನ್ಕೊಂಡು ಕೈಮುಗಿಯಾಕತ್ತೀನಿ" ಎಂದ. ಕುರ್ಡಿಯಲ್ಲಿ ಪರಿಚಯದವರು ರೊಟ್ಟಿ, ಪುಂಡಿಪಲ್ಲೆ ಹಾಕಿದರು. ಮಾನ್ವಿಯ ಕಡೆ ಕಾಲುವೆ ನೀರಿನ ಗದ್ದೆಗಳು, ಕೊಯ್ಲು ಶುರುವಾಗಿದೆ, ಅಕ್ಕಿ ಗಿರಣಿಯ ತೌಡಿನ ವಾಸನೆ ಊರಿಗಿಂತ ಮೊದಲೇ ಎದುರು ಬರುತ್ತದೆ. ನಿನ್ನೆ ಬೆಳಿಗ್ಗೆ ಅಲ್ಲಿಂದ ಮುಂದೆ ಗುಡ್ಡದ ಸೀಮೆ. ಒಂದರ ಮೇಲೊಂದು ಪೇರಿಸಿಟ್ಟಂತೆ ಬಂಡೆಗಳು, ನಡುವೆ ಕೆಂಪು ದಾರಿ, ಏರಿನಲ್ಲಿ ವೀರಗಲ್ಲು ಒಂದು ಓರೆಯಾಗಿ ಒರಗಿದೆ. ಯಾವ ಊರಿಗಾಗಿ ಸತ್ತನೋ ಪಾಪ. ಏರು ಕಡಿದು, ಆದರೂ ಇಳಿಯದೆ ತುಳಿದೆ. ಬ್ರೆತ್‌ಲೆಸ್ ಎಂದು ಇಂಗ್ಲಿಷಿನಲ್ಲಿ ಅನ್ನುತ್ತಾರಲ್ಲ, ಅದಾದೆ. ಮೇಲೆ ಹೋಗಿ ನಿಂತಾಗ ಕೆಳಗೆ ಆ ಊರು ಕಂಡಿತು.

ಆ ಗುಡ್ಡದ ತುದಿಯಲ್ಲಿ ದಾರಿ ಎರಡಾಗುತ್ತದೆ. ಒಂದು ಗುಡ್ಡವನ್ನು ಸುತ್ತಿ ಹೋಗುವ ಬಂಡಿ ಜಾಡು, ಮೂರು ಮೈಲಿ ಹೆಚ್ಚು. ಇನ್ನೊಂದು ನೆಟ್ಟಗೆ ಊರಬಾಗಿಲ ಅಗಸಿಯೊಳಗೆ, ಗೌಡರ ದೊಡ್ಡಮನೆಯಾದ ವಾಡೆಯ ಮುಂದಿನಿಂದ. ನಮ್ಮ ಕೇರಿಯ ಜನ ಯಾರೇ ಆಗಲಿ ಆ ವಾಡೆಯ ಕಟ್ಟೆ ಬಂದೊಡನೆ ಸೈಕಲ್ ಇಳಿದು, ತಳ್ಳಿಕೊಂಡು, ಬೇವಿನ ಮರ ದಾಟಿದ ಮೇಲೆ ಹತ್ತಬೇಕು; ಅದು ಅಲ್ಲಿಯ ರಿವಾಜು. ಸರ್ಕಾರ ನನಗೆ ಸೈಕಲ್ ಅಲೋವನ್ಸ್ ಕೊಡುತ್ತಿತ್ತು, ಆ ಇನ್ನೂರು ಹೆಜ್ಜೆಗೆ ಅದು ಲಾಗೂ ಇರಲಿಲ್ಲ. ಮೊದಮೊದಲು ಸುತ್ತಿನ ದಾರಿಯಲ್ಲೇ ಹೋಗುತ್ತಿದ್ದೆ. ಆದರೆ ಆಗಿನ ಲಸಿಕೆ ಥರ್ಮಾಸಿನಲ್ಲಿ ಬರ್ಫಿನ ಮೇಲೆ ಇರುತ್ತಿತ್ತು, ಬರ್ಫು ಕರಗಿದರೆ ಔಷಧ ಸತ್ತಂತೆ. ಮೂರು ಮೈಲಿ ನನ್ನ ಮರ್ಯಾದೆಗಾಗಿ ಸುತ್ತಿದರೆ ಮುಂದಿನ ಊರಿನ ಮಕ್ಕಳಿಗೆ ಬರಿ ನೀರು ಚುಚ್ಚಬೇಕು. ಅದಕ್ಕೆ ಇಳಿದೆ. ವರ್ಷಾನುಗಟ್ಟಲೆ ಇಳಿದೆ. ಒಂಬತ್ತು ವರ್ಷದ ನಿನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದ ದಿನವೂ ಇಳಿದೆ, ನಿನ್ನನ್ನೂ ಇಳಿಸಿದೆ.

ಈಗ ನಾಚಿಕೆಯ ಸಂಗತಿ ಬರೆಯುತ್ತೇನೆ, ಅಕ್ಕನಿಗೆ ಓದಿ ಹೇಳಬೇಡ. ಈ ಸಲ ಹತ್ತಿಕೊಂಡೇ ಹೋಗುತ್ತೇನೆಂದು ಗುಡ್ಡದ ಮೇಲೆಯೇ ಗಟ್ಟಿ ಮನಸ್ಸು ಮಾಡಿದ್ದೆ. ಇಳಿಜಾರಿನಲ್ಲಿ ಗಾಳಿಯಂತೆ ಬಂದೆ, ಅಗಸಿ ದಾಟಿದೆ, ಕಟ್ಟೆ ಬಂತು. ಅಲ್ಲಿ ಯಾರೂ ಇರಲಿಲ್ಲ. ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಸೀಟಿನ ಹಿಂದಿನಿಂದ ತಿರುಗಿ ನೆಲಕ್ಕೆ ಬಂತು! ಯಾರೂ ಹೇಳಲಿಲ್ಲ, ಯಾರೂ ನೋಡಲಿಲ್ಲ, ಕಾಲು ಇಳಿಯಿತು, ಕೈ ತಳ್ಳಿತು. ಬೇವಿನ ಮರದ ಹತ್ತಿರ ಹೋದ ಮೇಲೆ ನನಗೆ ಎಚ್ಚರವಾಯಿತು. ಇಂಟರ್‌ಮೀಡಿಯೆಟ್‌ನ ಮೊದಲ ವರ್ಷದಲ್ಲಿ, ನಾನು ಫೇಲಾಗುವ ಮೊದಲು, ಇನರ್ಷಿಯಾ ಎಂದು ಹೇಳಿಕೊಟ್ಟಿದ್ದರು. ಬಾಡಿ ಇನ್ ಮೋಷನ್ ಏನೋ ಮಾಡುತ್ತದೆ, ಎಕ್ಸ್‌ಟರ್ನಲ್ ಫೋರ್ಸ್ ಬರುವ ತನಕ. ಉಳಿದದ್ದು ಮರೆತಿದೆ. ಅದು ಕಾಲಿಗೂ ಹತ್ತುವ ರೋಗ ಎಂದು ಆ ಲೆಕ್ಚರರ್ ಹೇಳಿರಲಿಲ್ಲ.

ಕೇರಿಗೆ ಹೋಗಿ ಬೂದೆಮ್ಮನ ಮನೆಯ ಮುಂದೆ ಕೂತೆ. ಹಿಂದೆ ಕೇರಿಯ ಮಕ್ಕಳನ್ನೆಲ್ಲ ಹಿಡಿದು ತಂದು ನನ್ನ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದವಳು ಆಕೆ. ಈಗ ಹಲ್ಲಿಲ್ಲ, ನಾಲಿಗೆ ಮಾತ್ರ ಹಾಗೇ ಇದೆ. ನೀರು ಕೊಟ್ಟು ಕೇಳಿದಳು, "ಯಪ್ಪಾ ಸೂಜಿ ಅಯ್ಯಪ್ಪ, ನೀನು ಇಳಿದಿದ್ದು ಇಲ್ಲಿಂದನ ನೋಡಿದೆ. ಯಾರಿಗೆ ಇಳಿದಿ?" ನಾನು ಲೋಟ ಎತ್ತಿ ನೀರು ಕುಡಿದೆ. "ಕಟ್ಟಿ ಮ್ಯಾಲೆ ಎರಡು ಆಡು ಮಲಗ್ಯಾವ. ಆಡಿಗೆ ಮರ್ಯಾದಿ ಕೊಟ್ಟು ಬಂದಿ ನೋಡು!" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಅಕ್ಕಪಕ್ಕದ ಹೆಂಗಸರೂ ನಕ್ಕರು. ಕೊನೆಗೆ ನನಗೂ ನಗು ಬಂತು. ಸಾಲಿ ಹೇಗೆ ನಡೆಯುತ್ತದೆಂದು ಕೇಳಿದೆ. "ಎಲ್ಲಿ ನಡಿತದ? ಮಾಸ್ತರ ಸೋಮಾರಕ್ಕೊಮ್ಮೆ ಬರ್ತಾನ, ವಾಡೇದಾಗ ಚಹಾ ಕುಡಿತಾನ, ಹೋಗ್ತಾನ. ನಮ್ಮ ಹುಡುಗ್ರು ಅವನ ಬೆನ್ನು ನೋಡ್ಯಾವ, ಮುಖ ನೋಡಿಲ್ಲ." ಆಮೇಲೆ ಆಕೆಯೇ, "ಹೊಸ ಟೀಚರ್ ನಿನ್ನ ಮಗಳಂತ ಖರೇನಾ? ಬರ್ತಾಳಾ, ಇಲ್ಲಾ ಆಕಿನೂ ಸುತ್ತ ಹಾಕ್ಕೊಂಡು ಹೋಗ್ತಾಳಾ?" ಎಂದಳು. ಜೇಬಿನಲ್ಲಿ ನಿನ್ನ ಅರ್ಜಿ ಇತ್ತು.

ಎದ್ದೆ. ಸೈಕಲ್ ಹತ್ತಿ ಬಂದ ದಾರಿಯಲ್ಲೇ ವಾಪಸು ಹೊರಟೆ. ಈ ಸಲ ಬಲಗಾಲಿನ ಮೇಲೇ ಕಣ್ಣಿಟ್ಟಿದ್ದೆ, ಕಳ್ಳನನ್ನು ಕಾಯುವಂತೆ. ಈ ಸಲ ಕಟ್ಟೆಯ ಮೇಲೆ ಆಡುಗಳಷ್ಟೇ ಅಲ್ಲ, ಗೌಡರ ಮೊಮ್ಮಗ ಹಂಪನಗೌಡನೂ ಇದ್ದ, ಮೂವತ್ತೈದರ ಗಂಡಸು, ಅಷ್ಟು ಹೊತ್ತೇರಿದ ಮೇಲೆ ಹಲ್ಲುಜ್ಜುತ್ತ. "ಏ ಯಾರಲೇ ಅದು? ಇಳೀ ಕೆಳಗ!" ಬ್ರೇಕು ಹಿಡಿದೆ. ಆದರೆ ಸೀಟು ಬಿಡಲಿಲ್ಲ. ಎಡಗಾಲನ್ನು ಅವನದೇ ಕಟ್ಟೆಯ ಕಲ್ಲಿನ ಮೇಲೆ ಊರಿ, ಸೀಟಿನ ಮೇಲೆಯೇ ಕೂತು ಹೇಳಿದೆ, "ಗೌಡ್ರ, ನಿಮ್ಮ ಎಡಗೈ ತೋಳು ನೋಡ್ಕೋರಿ. ಎರಡು ಗುಂಡನ ಗುರುತು ಅದಾವಲ್ಲ, ಅವು ನನ್ನ ಕೈಯವು. ಅವತ್ತು ನೀವು ಅಳಾಕತ್ತಿದ್ರಿ, ನಿಮ್ಮವ್ವಾರು ನಿಮ್ಮನ್ನ ಒಯ್ದು ನನ್ನ ತೊಡಿ ಮ್ಯಾಲೆ ಕುಂದ್ರಿಸಿದ್ರು. ಆ ತೊಡಿ ಈಗ ಸೈಕಲ್ ಮ್ಯಾಲೆ ಅದ. ಇಳಿಯಂಗಿಲ್ರಿ." ಅವನ ಕೈ ತಾನಾಗೇ ತೋಳಿಗೆ ಹೋಯಿತು, ಆಣೆಗೂ ಸುಳ್ಳಲ್ಲ. ಉಗುಳಿ, ಬಾಯಿ ಒರೆಸಿಕೊಂಡು, "ಮುದುಕ ಆಗಿ, ಹೋಗು ಅತ್ಲಾಗ. ನಿನ್ನ ಮಗಳು ಇಲ್ಲೇ ಬರಾಕಿ ಅಂತ ಕೇಳೀನಿ. ಆಕಿಗೆ ರಿವಾಜು ಹೇಳಿ ಕಳಿಸು" ಎಂದ. "ಹೇಳೀನ್ರಿ. ಆಕಿ ಸೈಕಲ್ ಮ್ಯಾಲೆ ಬರ್ತಾಳ" ಎಂದೆ. ಅಗಸಿಯ ತನಕ ಹೋಗಿ, ತಿರುಗಿ, ಮೂರನೆಯ ಸಲ ಆ ಕಟ್ಟೆಯನ್ನು ಅವನ ಮುಂದೆಯೇ ಹಾದು ದೇವದುರ್ಗದ ದಾರಿ ಹಿಡಿದೆ. ಗಂಟೆಯನ್ನೂ ಬಾರಿಸಿದೆ, ಬೇಕಿರಲಿಲ್ಲ, ಆದರೂ. ಅವನು ಏನೋ ಅಂದ, ಗಾಳಿಯಲ್ಲಿ ಕೇಳಲಿಲ್ಲ.

ಅವನು ಮೆತ್ತಗಾಗಿದ್ದಾನೆಂದು ನಾನು ಹೇಳುತ್ತಿಲ್ಲ. ಸಾಲಿಯ ಬೀಗದ ಕೈ ವಾಡೆಯಲ್ಲೇ ಇದೆ, ಬಾವಿಯ ಹಗ್ಗವೂ ಅಲ್ಲೇ. ನಾಳೆ ನಿನಗೆ ಖುರ್ಚಿ ಕೊಡದೆ ನಿಲ್ಲಿಸಿಯಾನು. ಪೋಲೀಸು, ಕಾಯ್ದೆ ಎಲ್ಲಾ ಇವೆ, ಮಾನ್ವಿಯಷ್ಟು ದೂರದಲ್ಲಿ. ಆದರೆ ರಾತ್ರಿ ಇಲ್ಲಿ ಮಲಗಿದಾಗ ಯೋಚಿಸಿದೆ: ನಾನು ಬರ್ಫಿನ ನೆಪಕ್ಕೆ ಇಳಿದೆ, ನೀನು ಸಿಟ್ಟಿನ ನೆಪಕ್ಕೆ ಸುತ್ತು ದಾರಿ ಹಿಡಿಯುತ್ತಿದ್ದೀಯೆ. ನಿನ್ನ ಸಿಟ್ಟು ನನ್ನ ಬರ್ಫಿಗಿಂತ ದೊಡ್ಡದು, ಒಪ್ಪಿದೆ. ಆದರೂ ಅದನ್ನು ಆ ಊರೊಳಗೇ ತೆಗೆದುಕೊಂಡು ಹೋಗು ಎಂಬುದು ನನ್ನ ಮಾತು. ಹೊರಗಿಟ್ಟರೆ ಅದು ಯಾರಿಗೂ ತಾಗುವುದಿಲ್ಲ.

ಚಹಾದವನು ಬೆಂಚು ಬಿಡಪ್ಪಾ ಎನ್ನುತ್ತಿದ್ದಾನೆ. ಈಗ ಗೂಗಲ್‌ಗೆ ಹೊರಡುತ್ತೇನೆ, ಅಲ್ಲಮಪ್ರಭುವಿಗೆ ಕೈಮುಗಿದು ಕೃಷ್ಣೆಯಲ್ಲಿ ಕಾಲು ತೊಳೆದು ನಾಳೆ ರಾಯಚೂರು. ಅಮರಮ್ಮನಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ. ಕೂಸಿನ ಎರಡೂ ಪಾದಕ್ಕೆ ತಾತನ ಮುತ್ತು. ನಿನಗೆ ನಿಮ್ಮವ್ವನ ಪಾಲಿನದೂ ಸೇರಿಸಿ ಹರಸಿದ್ದೇನೆ.

ನಿನ್ನಪ್ಪ,
ಅಯ್ಯಪ್ಪ

ತಾ.ಕ.: ಇಲ್ಲಿ ಪೋಸ್ಟಾಫೀಸಿನಲ್ಲಿ ಟಪಾಲು ಚೀಲ ಕಟ್ಟುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅರ್ಜಿ ಕೊಟ್ಟಿಲ್ಲ, ಇದೇ ಲಕೋಟೆಯಲ್ಲಿದೆ. ಹಾಜರಾಗಲು ಇಪ್ಪತ್ತೊಂದನೇ ತಾರೀಖು ಕಡೆ. ಹರಿಯುವುದೋ ಕೊಡುವುದೋ ನಿನಗೆ ಬಿಟ್ಟದ್ದು, ಯಾವುದಕ್ಕೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಸೈಕಲ್ ಮೇಲೆ ಬರುತ್ತಾಳೆ ಎಂದು ನಿನ್ನನ್ನು ಕೇಳದೆ ಹೇಳಿಬಿಟ್ಟೆನಲ್ಲ, ನಿನಗೆ ಸೈಕಲ್ಲೇ ಬರುವುದಿಲ್ಲ. ಮಾನಮ್ಮ ಎಷ್ಟೋ ಸಲ "ಹುಡುಗಿಗೆ ಕಲಸ್ರಿ" ಎಂದಿದ್ದಳು, ಹೆಣ್ಣು ಹುಡುಗಿಗೆ ಯಾಕೆ ಎಂದು ನಾನೇ ಬಾಯಿ ಮುಚ್ಚಿಸಿದೆ. ಅದು ಸುಳ್ಳು ನೆಪ. ನೀನೂ ಎಲ್ಲೋ ಇಳಿಯಬೇಕಾದೀತೆಂದು ಹೆದರಿ ಕಲಿಸಲಿಲ್ಲ. ಅರ್ಜಿಯ ಸಂಗತಿ ಏನೇ ಆಗಲಿ, ನೀನು ಬಂದ ಮರುದಿನ ಬೆಳಿಗ್ಗೆ ಕೋಟೆಯ ಹಿಂದಿನ ಬಯಲಿಗೆ ಹೋಗೋಣ. ಹಿಂದೆ ಸೀಟು ಹಿಡಿದುಕೊಂಡು ಓಡುತ್ತೇನೆ, ಅಷ್ಟು ಉಸಿರು ಇನ್ನೂ ಇದೆ. ಬೀಳುತ್ತೀ. ಬಿದ್ದರೆ ಬೀಳು, ಮನೆಯಲ್ಲಿ ಟಿಂಚರ್ ಇದೆ.