ಸ್ಪಿರಿಟ್ ದೀಪದ ಕೆಂಪು ಗೆರೆ

ಜನವರಿ ೬, ಸೋಮವಾರ. ಗೋಕಾಕ, ಕಾಲೇಜು ಲ್ಯಾಬ್
ದೀಪ ಹಚ್ಚಿ ಕಿಟಕಿ ಮುಚ್ಚಿದೆ. ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ತೋರಿಸುವ, ನಾನೇ ಕಟ್ಟಿದ ಸ್ಪೆಕ್ಟ್ರೋಮೀಟರ್ ಡಬ್ಬಿಯಲ್ಲಿ ನೀಲಿ ಬಂತು, ಹಸಿರು ಬಂತು — ಉರಿಯಲ್ಲಿ ಕೆರಳಿದ ಅಣುಗಳು ತಣಿಯುವಾಗ ಬಿಡುವ ಬೆಳಕು. ಇವೆರಡೂ ಹಳೆಯ ಪರಿಚಯ. ಆದರೆ ಕೆಂಪಿನ ಕಡೆ ಮತ್ತೆ ಆ ಗೆರೆ. ಕ್ಯಾಲ್ಸಿಯಂ ಗೆರೆಯ ಹಾಗೆ ಕಾಣುತ್ತದೆ. ಸ್ಪಿರಿಟ್‌ಗೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ನಾನೇ ಬಟ್ಟಿ ಇಳಿಸಿದ್ದು. ಹಾಗಾದರೆ ಇದು ಯಾರೂ ನೋಡದ ಹೊಸ ಅಯಾನೋ... ಊಟ ಸೇರಲಿಲ್ಲ.

ಜನವರಿ ೯
ಗೆರೆ ಮಾಯ. ಅದೇ ಸ್ಪಿರಿಟ್, ಅದೇ ಡಬ್ಬಿ. ನನ್ನ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿದೆ.
ಗೈಡ್ ಗುರುಪಾದ ಸರ್‌ಗೆ ಫೋನ್. "ನೋಡ್ರಿ ಸುಮನ್, ಐದ ವರ್ಷ ಆತು. ಗೆರಿ ಹೊಸಾದಿದ್ರ ಪಿಎಚ್‌ಡಿಗೆ ಇನ್ನೊಂದ ವರ್ಷ ಕೊಡಸ್ತೀನಿ. ಇಲ್ಲಂದ್ರ ಇಲ್ಲಿಗೆ ಮುಗಸೂಣು." ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ಮೆತ್ತಗೆ ಹೇಳಿದರೆ ಭಯವಾಗುತ್ತದೆ.

ಜನವರಿ ೧೩
ಬಂತು, ದಪ್ಪಗೆ. ವೋಲ್ಟೇಜ್ ಇರಬಹುದೇ? ದೀಪಕ್ಕೆ ಎಲ್ಲಿಯ ವೋಲ್ಟೇಜ್, ಹುಚ್ಚಿ. ಕಬ್ಬಿನ ಹಂಗಾಮು, ಕಾರ್ಖಾನೆ ಹೊಗೆ? ಕಿಟಕಿ ಮುಚ್ಚಿತ್ತಲ್ಲ... ಸರ್‌ಗೆ ಕಳಿಸಿದೆ. "ಛಲೋ ಐತ್ರಿ" ಎಂದರು. ಐದು ವರ್ಷದಲ್ಲಿ ಮೊದಲ ಸಲ.

ಜನವರಿ ೧೪, ಸಂಕ್ರಮಣ. ಕುಲಗೋಡ, ಅತ್ತೆಯ ಮನೆ
ಅತ್ತೆ ಅಲ್ಲವ್ವ ಪಡಸಾಲೆಯಲ್ಲಿ ದೇವರ ಬತ್ತಿ ಹೊಸೆಯುತ್ತಿದ್ದರು. ಲ್ಯಾಬಿಗೂ ಇವೇ ಬತ್ತಿ ಒಯ್ಯುತ್ತೇನೆ. ಮುಗಿದ ದಿನ ಅಂಗಡಿಯದು. ಎಳ್ಳುಬೆಲ್ಲ ತಿನ್ನುತ್ತ ಸುಮ್ಮನೆ ನೋಡುತ್ತಿದ್ದೆ. ಬೆರಳನ್ನು ವಿಭೂತಿಗೆ ಒತ್ತುವುದು, ಅರಳೆ ಹೊಸೆಯುವುದು. ಮತ್ತೆ ವಿಭೂತಿ, ಮತ್ತೆ ಅರಳೆ.
"ಅತ್ತಿ, ವಿಭೂತಿ ಯಾಕ್ರಿ?"
"ಇಲ್ಲಂದ್ರ ಅರಳಿ ಬೆರಳಾಗ ಜಾರತೈತಿ. ನಿಮ್ಮವ್ವ ಕಲಿಸಿಲ್ಲೇನ?"
ಎಳ್ಳುಬೆಲ್ಲ ಕೆಳಗಿಟ್ಟೆ. ವಿಭೂತಿ ತುಂಬ ಕ್ಯಾಲ್ಸಿಯಂ. ನನ್ನ ಕೆಂಪು ಗೆರೆ ಈ ಬತ್ತಿಯದು.
"ಯಾಕವ್ವಾ, ಮಾರಿ ಸಪ್ಪಗಾತು?" ಎಲ್ಲ ಹೇಳಿದೆ. "ನಿನ್ನ ಕಲಿಯೂದು ನನ್ನಿಂದ ಕೆಟ್ಟತೇನ?" ಎಂದು ಬುಟ್ಟಿ ಸರಿಸಿದರು. ಅಳು ಬಂತು.

ಜನವರಿ ೧೬
ಅಂಗಡಿ ಬತ್ತಿ: ಗೆರೆ ಇಲ್ಲ. ಅತ್ತೆಯ ಬತ್ತಿ: ಇದೆ. ಅಂಗಡಿ ಬತ್ತಿಗೆ ನಾನೇ ವಿಭೂತಿ ಸವರಿದೆ: ಇದೆ. ಮುಗಿಯಿತು. ಸುಮ್ಮನಿದ್ದರೆ ಒಂದು ವರ್ಷ ಸಿಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ತಿಳಿದಿದೆಯಲ್ಲ. ಫೋನ್ ಮಾಡಿ ಸರ್‌ಗೆ ಎಲ್ಲ ಒದರಿದೆ.
ಸರ್ ಕೇಳಿದರು, "ಒಂದ ಬತ್ತ್ಯಾಗ ಎಷ್ಟ ವಿಭೂತಿ ಇರ್ತೈತ್ರಿ?"
"ಬೆರಳಿಗೆ ಹತ್ತಿದಷ್ಟ ಸರ್. ಕಣ್ಣಿಗೂ ಕಾಣೂದಿಲ್ಲ."
"ಕಣ್ಣಿಗೆ ಕಾಣದ್ದು ನಿಮ್ಮ ಡಬ್ಬಿಗೆ ಕಂಡೈತಲ್ಲ. ಎಷ್ಟ ಕಡಿಮಿತನಕ ಕಾಣತೈತಿ, ಅಳದು ಹೇಳ್ರಿ, ಪಿಎಚ್‌ಡಿಗೆ ಅದ ವಿಷಯ. ಒಂದ ವರ್ಷ ಸಾಕಾಗ್ತೈತಿ?"
ಹೂಂ ಎಂದೆನೋ ಇಲ್ಲವೋ, ನೆನಪಿಲ್ಲ.

ಜನವರಿ ೧೮. ಕುಲಗೋಡ
ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದೆ. ಸ್ಪಿರಿಟ್ ದೀಪ ಹಚ್ಚಿ ಅಡುಗೆಮನೆ ಬಾಗಿಲು ಹಾಕಿದೆವು. ಅತ್ತೆ ಒಂದೇ ಬೆರಳು ವಿಭೂತಿಗೆ ಒತ್ತಿ ಬತ್ತಿ ಹೊಸೆದರು: ಕೆಂಪು ತೆಳ್ಳಗೆ, ಆದರೂ ಇದೆ. ಕೈ ತೊಳೆದು ಒರೆಸಿ ಹೊಸೆದರು: ಕೆಂಪು ಇಲ್ಲ. ಬದಲಿಗೆ ಹಳದಿ ಒಂದು ಗೆರೆ.
"ಇದ ಯಾರದ?" ಅತ್ತೆ ನನ್ನನ್ನು ಸರಿಸಿ ತಾವೇ ಬಗ್ಗಿ ನೋಡುತ್ತಿದ್ದಾರೆ.
ಕೈಬೆವರಿನ ಉಪ್ಪೇ ಇರಬೇಕು, ಇಲ್ಲವೇ ಕೈ ಒರೆಸಿದ ಬಟ್ಟೆಯದೋ — ಅದನ್ನೂ ಅಳೆಯಬೇಕು.