ಹೊಲದಲ್ಲಿ ತೆಗೆದ ಫೋಟೊ

ಅಮ್ಮಾ,

ಖುಷಿಯಲ್ಲಿ ಅವಸರವಾಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಸರ್ಕಾರದ ಬೆಳೆ ಸಹಾಯಧನ ಬಂತು, ಅದೂ ನನ್ನ ಖಾತೆಗೆ!

ಹೊಲ ನೋಡಲು ಬಂದ ಅಧಿಕಾರಿ, ಉಳುವವರ ಫೋಟೊ ಬೇಕೆಂದರು. ನಿನ್ನ ಅಳಿಯ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತರು. ಯಾವ ಬೀಜ, ಎಷ್ಟು ಗೊಬ್ಬರ ಎಂದು ಅಧಿಕಾರಿ ಕೇಳಿದಾಗಲೆಲ್ಲ ಇವರು ನನ್ನ ಮುಖ ನೋಡಿದರು. ಅಧಿಕಾರಿ ನಕ್ಕು, "ಹಾಗಾದ್ರೆ ನೀವೇ ಬನ್ನಿಯಮ್ಮ" ಎಂದು ಕೆಸರುಗಾಲಿನಲ್ಲಿದ್ದ ನನ್ನನ್ನೇ ನಿಲ್ಲಿಸಿ, ನನ್ನ ಹೆಸರನ್ನೇ ಬರೆದುಕೊಂಡರು. ಇವರಿಗೆ ಬೇಸರವೇನಿಲ್ಲ. ಇವತ್ತು ಬ್ಯಾಂಕಿನಿಂದ ಓಡಿಬಂದು, "ರೈತರೇ, ಬಾಗಿಲು ತೆಗೀರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.

ಮುಂದಿನ ವಾರ ಅದೇ ಅಧಿಕಾರಿ ನಿಮ್ಮ ಹೊಲಕ್ಕೂ ಬರುತ್ತಾರಂತೆ. ಚಹಾ ಮಾಡುತ್ತೇನೆಂದು ನೀನು ಒಳಗೆ ಹೋಗಬೇಡ. ಹೊಲದಲ್ಲೇ ನಿಲ್ಲು. ಚಹಾ ಅಪ್ಪ ಮಾಡಲಿ.

ನಿನ್ನ ರೈತ ಮಗಳು