ಮೊದಲ ತುತ್ತು ನನ್ನದು

ಇಂದೂರ, ಮುಂಡಗೋಡ ತಾಲೂಕು
೧೮ ಸೆಪ್ಟೆಂಬರ್ ೨೦೨೫

ಚಿರಂಜೀವಿ ಕಾಜಲ್‌ಗೆ,

ನಿನ್ನ ಅತ್ತೆ ಕಮಲಿಬಾಯಿಯ ಆಶೀರ್ವಾದ. ಈ ತಾಂಡಾದಲ್ಲಿ ಮೆಟ್ರಿಕ್‌ವರೆಗೆ ಓದಿದ ಮೊದಲ ಹೆಣ್ಣುಮಗಳು ನಾನು. ನನ್ನನ್ನು ಕೇಳದೆ ಇಲ್ಲಿ ಒಂದು ಮದುವೆಯೂ ಕುದುರುವುದಿಲ್ಲ. ನನ್ನ ಮಗ ಕುಬೇರ ಹೋದ ಮೇಲೆ ನಿನಗೆ ಸೌಭಾಗ್ಯವತಿ ಎಂದು ಬರೆಯುವ ಹಾಗಿಲ್ಲ. ಚಿರಂಜೀವಿ ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ, ಬರೆದಿದ್ದೇನೆ.

ಕೆಮ್ಮು ಹೇಗಿದೆ? ಜೈಲಿನಲ್ಲಿ ತಣ್ಣೀರು ಕುಡಿಯಬೇಡ, ಬಿಸಿನೀರು ಕೇಳು. ಕೇಳುವುದು ಅಪರಾಧವಲ್ಲ. ಮಗಳು ಚೆನ್ನಾಗಿದ್ದಾಳೆ, ತಲೆ ಬಾಚಿ ಹೆಣಲು ಹಾಕಲು ಕೂರಿಸಿದರೆ ನಿನ್ನ ಹಾಗೆಯೇ ಮುಖ ಗಂಟಿಕ್ಕುತ್ತಾಳೆ. ಕರಿ ಎಮ್ಮೆ ಈದಿದೆ.

ನೀನು ಗಂಡನಿಗೆ ವಿಷದ ಅಣಬೆ ಉಣಿಸಿ ಕೊಂದೆ ಎನ್ನಲು ಪೊಲೀಸರ ದೊಡ್ಡ ಸಾಕ್ಷಿ ನಿನ್ನ ಫೋನು. ಅವನು ಹೊಟ್ಟೆನೋವೆಂದು ಮಲಗುವ ಹಿಂದಿನ ದಿನ ಅದರಲ್ಲಿ ಹುಡುಕಿದ ಮಾತು ಹಾಗೇ ಉಳಿದಿದೆ: ‘ವಿಷದ ಅಣಬೆ ತಿಂದವರು ಎಷ್ಟು ಹೊತ್ತಿಗೆ ಸಾಯುತ್ತಾರೆ’. ವಕೀಲ ಬಾಳೇಶ ಮೊನ್ನೆ ದೋಷಾರೋಪ ಪಟ್ಟಿ ಓದಿ ಹೇಳಿದಾಗಲೇ ನನಗೆ ತಿಳಿದದ್ದು. ಮೈದುನ ಥಾವರೆಪ್ಪ ಓಣಿಯಲ್ಲಿ ನಿಂತು, “ವೈನೀ, ಮಗನ್ನ ಕೊಂದಾಕಿಗೆ ಇನ್ನೂ ಬುತ್ತಿ ಒಯ್ತೀರೇನ್ರಿ?” ಎಂದ. “ಒಯ್ತೇನಿ. ನೀನೂ ಒಳಗ ಹೋಗಿ ಕುಂದ್ರು, ನಿನಗೂ ತರ್ತೇನಿ,” ಎಂದೆ.

ಆ ಪ್ರಶ್ನೆ ಯಾರದೆಂದು ನಿನಗೆ ಗೊತ್ತು. ಹೊಸ ಮಳೆಗೆ ಹುತ್ತದ ಮೇಲೆ ಅಣಬೆ ಎದ್ದರೆ ನಮ್ಮ ಮನೆಯಲ್ಲಿ ಮೊದಲ ತುತ್ತು ಹಿರಿಯ ಹೆಂಗಸಿನದು. ನಾನು ಉಂಡು ಕೂರಬೇಕು. ನನಗೇನೂ ಆಗದಿದ್ದರೆ ಮಾತ್ರ ಉಳಿದವರ ತಾಟಿಗೆ. ನನ್ನ ಅತ್ತೆ ದೀಪ ಹಚ್ಚುವ ತನಕ ಎಲ್ಲರನ್ನೂ ಕಾಯಿಸುತ್ತಿದ್ದರು. ಅಷ್ಟು ಸಾಕೇ ಎಂಬುದು ನನ್ನ ಅನುಮಾನ. ಅಂದು ಉಂಡು ಕೈ ತೊಳೆದು, ನೀನು ಕಲಿಸಿದ ಹಾಗೆ ನಿನ್ನ ಫೋನಿನ ಮೈಕು ಒತ್ತಿ ಕೇಳಿದವಳು ನಾನು. ಮೊಮ್ಮಗಳನ್ನು ಎಷ್ಟು ಹೊತ್ತು ಕಾಯಿಸಬೇಕೆಂದು ನನಗೆ ತಿಳಿಯಬೇಕಿತ್ತು. ಕುಬೇರ ನಕ್ಕ: “ನೀ ಸಾಯ್ತೀಯೋ ಇಲ್ಲೋ ನೋಡ್ಕೋಂತ ಹಸಗೊಂಡ ಕುಂದ್ರೂದೇನಬೇ?” ಕಾಯಲಿಲ್ಲ. ಹೊಲಕ್ಕೆ ಹೋಗಿ ಬದುವಿನ ಬಿಳಿ ಅಣಬೆ ಕಿತ್ತು ಸುಟ್ಟು ತಿಂದ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಅವನೇ ಹೇಳಿದ. ಹೊಲದ ಗುಡಿಸಲಿನಲ್ಲಿ ಅವನು ಸುಟ್ಟ ಬೂದಿ, ಉಳಿದ ತುಂಡು ಎಲ್ಲ ಪೊಲೀಸರಿಗೆ ತೋರಿಸಿದೆ. ಅವರಿಗೆ ಫೋನು ಸಾಕಾಗಿತ್ತು.

ನೀನು ಯಾಕೆ ಬಾಯಿ ಬಿಡಲಿಲ್ಲ ಎಂದು ಬಲ್ಲೆ. ‘ಫೋನ್ ಹಿಡದ ಹೆಣ್ಣು ಮನಿ ಉಳಿಸೂದಿಲ್ಲ’ ಎಂದು ಕಟ್ಟೆಯ ಮೇಲೆ ಎಲ್ಲರೆದುರು ಹೇಳಿದವಳು ನಾನು. ನಾನೇ ಫೋನು ಹಿಡಿದದ್ದು ಬಯಲಾಗಿ ನನ್ನ ಮಾತು ಸುಳ್ಳಾಗಬಾರದು, ನನ್ನನ್ನು ಠಾಣೆಗೆ ಎಳೆಯಬಾರದು ಎಂದು ನೀನು ಸುಮ್ಮನಾದೆ. ನನ್ನ ಮಾನ ಕಾಯಲು ನಿನ್ನನ್ನು ಕೇಳಿದವರು ಯಾರು? ಅದು ನನ್ನದು. ಇಟ್ಟುಕೊಳ್ಳುವವಳೂ ಕಳೆಯುವವಳೂ ನಾನೇ.

ಹೊಟ್ಟೆ ತುಂಬ ಉಣ್ಣು. ತಲೆ ತಗ್ಗಿಸಬೇಡ.

ನಿನ್ನ ಅತ್ತೆ,
ಕಮಲಿಬಾಯಿ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ಕೋರ್ಟಿಗೆ ಹೋಗಿ, ಆ ಪ್ರಶ್ನೆ ನನ್ನದೆಂದು ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಹೇಳಿದೆ. ಬಾಗಿಲಲ್ಲಿದ್ದ ಪೊಲೀಸ, “ಅಜ್ಜೀ, ಹಿಂಗ ಹೇಳಿದ್ರ ನಿಮ್ಮನ್ನೂ ಹಿಡೀತಾರ್ರಿ,” ಎಂದ. “ಹಿಡೀಲಿ. ಜೈಲಿನ ಅಡಗೀನೂ ಮೊದಲ ನಾ ತಿಂದ ನೋಡಿ ಆಕಿಗೆ ಕೊಡ್ತೇನಿ,” ಎಂದೆ. ಹೆಬ್ಬೆಟ್ಟಲ್ಲ, ಪೂರ್ತಿ ಹೆಸರು ಬರೆದು ಸಹಿ ಮಾಡಿ ಬಂದಿದ್ದೇನೆ.